ಓದಲು ತಡವರಿಸುವ ಮಗು: ಶಾಲೆಯಲ್ಲಿ ಏನು ಕೇಳಬೇಕು?

ಬಾಯಲ್ಲಿ ಪಟಪಟನೆ ಉತ್ತರ ಹೇಳುವ ಮಗು ಬರೆಯಲು ಕೂತರೆ ಪೆನ್ಸಿಲ್ ಹಿಡಿದು ಸುಮ್ಮನಾಗುತ್ತದೆ. ‘ಸೋಮಾರಿ’, ‘ಗಮನ ಕೊಡಲ್ಲ’ ಎಂಬ ಹಣೆಪಟ್ಟಿ ಬಲುಬೇಗ ಅಂಟುತ್ತದೆ. ಕಾರಣ ಕಲಿಕಾ ನ್ಯೂನತೆಯೂ ಇರಬಹುದು. ಇಂಥ ಮಕ್ಕಳು ದಡ್ಡರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಇದನ್ನು ಬೇಗ ಪತ್ತೆಹಚ್ಚಿ ತಕ್ಕಂತೆ ಕಲಿಸುವುದು ಸರ್ಕಾರಿ ಶಾಲೆಯ ಜೊತೆಗೆ ಮಾನ್ಯತೆ ಪಡೆದ ಖಾಸಗಿ ಶಾಲೆಯ ಹೊಣೆಯೂ ಹೌದು.

ಮೊದಲು ಉಕ್ತಲೇಖನದ ಪುಸ್ತಕ ತೆಗೆದು ನೋಡಿ. ‘ಅಕ್ಕ’ ಹೋಗಿ ‘ಅಕ’, ‘ಪುಸ್ತಕ’ ಹೋಗಿ ‘ಪುಸತಕ’ ಆಗಿದೆಯೇ? ಒಂದೇ ಪದ ಒಂದೇ ಪುಟದಲ್ಲಿ ಮೂರು ಥರ ಇದೆಯೇ? ಥ, ಧ, ಢ ಅದಲುಬದಲಾಗಿವೆಯೇ? ಬೋರ್ಡ್ ನೋಡಿ ಬರೆದದ್ದರಲ್ಲಿ ಸಾಲುಗಳೇ ಬಿಟ್ಟುಹೋಗಿವೆಯೇ? ಇಂಥ ತಪ್ಪುಗಳನ್ನು ಎಲ್ಲ ಮಕ್ಕಳೂ ಮಾಡುತ್ತಾರೆ. ಆದರೆ ತಿದ್ದಿ ಹೇಳಿಕೊಟ್ಟ ಮೇಲೂ ತಿಂಗಳುಗಟ್ಟಲೆ ಅವೇ ತಪ್ಪುಗಳು ಮರುಕಳಿಸುತ್ತಿದ್ದರೆ ಆ ಪುಟಗಳ ಫೋಟೊ ತೆಗೆದು ದಿನಾಂಕ ಬರೆದಿಡಿ. ಮುಂದೆ ಶಿಕ್ಷಕರಿಗೂ ಮನಶ್ಶಾಸ್ತ್ರಜ್ಞರಿಗೂ ಇವು ತುಂಬಾ ನೆರವಾಗುತ್ತವೆ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಗು ಕನ್ನಡ ಓದಲು, ಕನ್ನಡದ ಮಗು ಇಂಗ್ಲಿಷ್ ಓದಲು ಒದ್ದಾಡಿದ ಮಾತ್ರಕ್ಕೆ ಅದು ನ್ಯೂನತೆಯಲ್ಲ.

ಆಮೇಲೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದಾಗ ಮಗುವಿನ ಕಲಿಕೆಯ ಸಮಸ್ಯೆಯನ್ನೂ ಅವರಿಗೆ ತಿಳಿಸಿ.

ಬಳಿಕ ಕ್ಲಾಸ್ ಟೀಚರ್ ಜೊತೆ ಮಾತನಾಡಿ, ಮುಖ್ಯ ಶಿಕ್ಷಕರಿಗೆ ಪತ್ರ ಕೊಡಿ. ಬರೀ ಬಾಯಿಮಾತು ಸಾಲದು. ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಯನ್ನು, ಕರೆಸುವಂತೆ ಕೇಳಿ.

‘ಸರ್ಟಿಫಿಕೇಟ್ ತನ್ನಿ, ನೋಡೋಣ’ ಎಂದು ಶಾಲೆ ಕೈಚೆಲ್ಲಿದರೆ ದಯವಿಟ್ಟು ಒಪ್ಪಬೇಡಿ. ಮುಂದಿನ ಬೆಂಚಿನಲ್ಲಿ ಕೂರಿಸಲು, ಪ್ರಶ್ನೆಯನ್ನು ಓದಿ ಹೇಳಲು, ಬಾಯಲ್ಲಿ ಉತ್ತರ ಕೇಳಲು, ನೋಡಿ ಬರೆಯುವ ಕೆಲಸ ಕಡಿಮೆ ಮಾಡಲು ಯಾವ ಸರ್ಟಿಫಿಕೇಟೂ ಬೇಡ. ಎಲ್ಲರೆದುರು ಗಟ್ಟಿಯಾಗಿ ಓದಿಸಿ ನಗೆಪಾಟಲು ಮಾಡುವುದನ್ನಂತೂ ಇವತ್ತೇ ನಿಲ್ಲಿಸಬಹುದು.

ಹಿಂದುಳಿದ ಅಂಶಗಳನ್ನು ಮತ್ತೆ ಕಲಿಸುವ ಪರಿಹಾರ ಬೋಧನೆ ಕೊಟ್ಟರೂ ಸುಧಾರಣೆ ಕಾಣದಿದ್ದರೆ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ಬಳಿ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ ಓದು, ಬರಹ, ಲೆಕ್ಕಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯನ್ನು ಬಳಸುತ್ತಾರೆ. ಪ್ರಮಾಣಪತ್ರಕ್ಕೆ ಮಗುವಿಗೆ 8 ವರ್ಷ ತುಂಬಿರಬೇಕು. 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಇರುತ್ತದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ.

ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಮುಂತಾದ ರಿಯಾಯಿತಿಗಳಿಗೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು. ಪರೀಕ್ಷೆ ಹತ್ತಿರ ಬಂದಾಗ ಆಸ್ಪತ್ರೆಗೆ ಓಡಿದರೆ ದಾಖಲೆ ಕೈಸೇರುವುದೇ ಕಷ್ಟ. ಒಂಬತ್ತನೇ ತರಗತಿ ಮುಗಿಯುವುದರೊಳಗೆ ಎಲ್ಲ ಕಾಗದಪತ್ರಗಳನ್ನು ಮುಖ್ಯ ಶಿಕ್ಷಕರಿಗೆ ಕೊಟ್ಟುಬಿಡಿ.