ಎಡೆದೊರೆಯಲ್ಲಿ ಇಬ್ಬರೇ: ನಿಧಾನ ಪ್ರವಾಸದ ಒಂಬತ್ತು ಸೂತ್ರಗಳು

ಮೆಕಾಂಗ್ ದಂಡೆಯ ಲುವಾಂಗ್ ಪ್ರಬಾಂಗ್‌ಗೆ ಜೋಡಿಯಾಗಿ ಹೋಗುವುದು, ನಸುಕಿನಲ್ಲಿ ಭಿಕ್ಷೆಗೆ ಹೊರಟ ಭಿಕ್ಷುಗಳನ್ನು ನೋಡುವುದು, ಸಂಜೆ ಹೊಳೆದಂಡೆಯಲ್ಲಿ ಸುಮ್ಮನೆ ಕೂರುವುದು: ಇದು ಈಗ ಬಹಳ ಜನರ ಕನಸು. ಹೋಗಿಬನ್ನಿ, ಬೇಡವೆನ್ನುವುದಿಲ್ಲ. ಆದರೆ ಪಾಸ್‌ಪೋರ್ಟ್ ಕೇಳದ ನಾಡೊಂದು ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಬಿದ್ದಿದೆ: ಎಡೆದೊರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು. ಬಸ್ಸಿನ ಬೋರ್ಡಿನಲ್ಲಿ ಓದಿ ಮರೆಯುವ ಊರುಗಳು. ‘ಇಲ್ಲೇನೈತ್ರಿ ನೋಡಾಕ?’ ಎಂದು ಊರಿನವರೇ ಕೇಳುತ್ತಾರೆ. ಆ ಪ್ರಶ್ನೆಯಿಂದಾಗಿಯೇ ಇಲ್ಲಿ ಇನ್ನೂ ಗದ್ದಲವಿಲ್ಲ.

1. ಮೊದಲು ತಿಂಗಳು ಗೊತ್ತುಮಾಡಿ. ನವೆಂಬರ್‌ನಿಂದ ಜನವರಿ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಬಂಡೆ ಹತ್ತಿಸಿದರೆ ಸಂಸಾರಕ್ಕೇ ಕುತ್ತು. ಚಳಿಗಾಲದ ಶುರುವಿನಲ್ಲಿ ಬಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು ಬಂಗಾರದ ಬಣ್ಣಕ್ಕೆ ತಿರುಗಿರುತ್ತವೆ.

2. ಕಾರು ಮನೆಯಲ್ಲೇ ಇರಲಿ. 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗಕ್ಕಾಗಿ ಈ ಭಾಗದವರು ದಶಕಗಟ್ಟಲೆ ಕಾದಿದ್ದರು. ನಿಧಾನವೆಂದರೇನೆಂದು ಅವರನ್ನು ಕೇಳಬೇಕು. ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಸರ್ಕಾರಿ ಬಸ್ಸು ಸಾಕು. ಶಕ್ತಿ ಯೋಜನೆಯ ಪುಣ್ಯದಿಂದ ಹೆಂಡತಿಯ ಟಿಕೆಟ್ ಉಚಿತ, ಗಂಡ ಮಾತ್ರ ಜೇಬಿಗೆ ಕೈಹಾಕಬೇಕು. ಲಾಡ್ಜಿನಲ್ಲಿ ಕೇಳುತ್ತಾರೆ, ಇಬ್ಬರ ಆಧಾರ್ ಕಾರ್ಡೂ ಇರಲಿ.

3. ಮಸ್ಕಿಯಲ್ಲಿ ಒಂದು ಬಂಡೆಗೆ ಒಂದು ಬೆಳಗು ಕೊಡಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿ ಚಿನ್ನ ಹುಡುಕುತ್ತ ಅಲೆಯುವಾಗ ಬ್ರಾಹ್ಮೀ ಅಕ್ಷರಗಳು ಕಣ್ಣಿಗೆ ಬಿದ್ದವು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳೆಲ್ಲ ‘ದೇವಾನಾಂಪಿಯ’, ‘ಪಿಯದಸಿ’ ಎನ್ನುತ್ತಿದ್ದವು. ಆ ದೊರೆ ಅಶೋಕನೇ ಎಂಬ ಊಹೆಗೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆ ಅಶೋಕನ ಹೆಸರನ್ನೇ ಹೇಳಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದ ಬಂಡೆಗಳಲ್ಲಿ ಆ ಹೆಸರು ಮತ್ತೆ ಕಂಡಿದ್ದು ಬಹಳ ಕಾಲದ ನಂತರ.

ಶಾಸನದ ಮುಂದೆ ಫೋಟೊ ತೆಗೆದು ಐದು ನಿಮಿಷದಲ್ಲಿ ಇಳಿದುಬರುವವರೇ ಹೆಚ್ಚು. ಹಾಗೆ ಮಾಡಬೇಡಿ. ಅದರ ತಾತ್ಪರ್ಯವನ್ನು ಮೊದಲೇ ಓದಿಕೊಂಡು ಹೋಗಿ, ಒಬ್ಬರು ಇನ್ನೊಬ್ಬರಿಗೆ ಹೇಳಿ. ಉಪಾಸಕನಾಗಿ ಎರಡೂವರೆ ವರ್ಷ ಮೀರಿತು ಎಂದು ಚಕ್ರವರ್ತಿ ಅಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಈ ದಾರಿ ದೊಡ್ಡವರಿಗಷ್ಟೇ ಮೀಸಲಲ್ಲ, ಸಾಮಾನ್ಯನೂ ಧರ್ಮದಲ್ಲಿ ನಡೆದರೆ ಮುಟ್ಟಬಲ್ಲ ಎನ್ನುತ್ತಾನೆ. ಯಶಸ್ಸಿನ ಸೂತ್ರ ಬರೆಯುವ ನಮ್ಮಂಥವರಿಗೆಲ್ಲ ಈತನೇ ಹಿರಿಯಣ್ಣ, ಇಪ್ಪತ್ತೆರಡು ಶತಮಾನ ಮುಂದೆ! ಆಮೇಲೆ ಗುಡ್ಡದ ಮಲ್ಲಿಕಾರ್ಜುನನ ದರ್ಶನಕ್ಕೆ ಮೆಟ್ಟಿಲು ಹತ್ತಿ, ಬಿಸಿಲೇರುವ ಮುನ್ನ.

4. ಆಲ್‌ಚಿನ್ ದಂಪತಿಯನ್ನು ಗುರುವಾಗಿ ಇಟ್ಟುಕೊಳ್ಳಿ. ರೇಮಂಡ್ ಮತ್ತು ಬ್ರಿಜೆಟ್ ಆಲ್‌ಚಿನ್ ಇಂಗ್ಲೆಂಡಿನ ಪುರಾತತ್ವಜ್ಞರು. 1951ರಲ್ಲಿ ಮದುವೆಯಾದ ಹೊಸತರಲ್ಲೇ ಭಾರತಕ್ಕೆ ಬಂದವರು. ಬೇರೆ ಜೋಡಿಗಳು ಊಟಿ, ಕಾಶ್ಮೀರ ಎನ್ನುವ ವಯಸ್ಸಿನಲ್ಲಿ ಇವರು ಮುದಗಲ್ ಬಳಿಯ ಪಿಕ್ಲಿಹಾಳದ ಬಂಡೆಗಳ ನಡುವೆ ಮಣ್ಣು ಕೆದಕುತ್ತಿದ್ದರು. ಕಲ್ಲಿನ ಕೊಡಲಿ, ಮಡಕೆಚೂರು, ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳು: ನವಶಿಲಾಯುಗದ ದನಗಾಹಿಗಳ ಬದುಕು ಅಲ್ಲಿ ಪದರಪದರವಾಗಿ ಸಿಕ್ಕಿತು. ಪಿಕ್ಲಿಹಾಳದ ಉತ್ಖನನದ ವರದಿ ಪುಸ್ತಕವಾಗಿ ಬಂದಿದ್ದು 1960ರಲ್ಲಿ. 1968ರಲ್ಲಿ ಗಂಡಹೆಂಡತಿ ಸೇರಿ ಭಾರತೀಯ ನಾಗರಿಕತೆಯ ಹುಟ್ಟಿನ ಬಗ್ಗೆ ಬರೆದ ಗ್ರಂಥವನ್ನು ಪುರಾತತ್ವದ ವಿದ್ಯಾರ್ಥಿಗಳು ಓದುತ್ತಲೇ ಬಂದಿದ್ದಾರೆ. ನೀವು ಪುಸ್ತಕ ಬರೆಯಬೇಕಿಲ್ಲ. ಊರಿನ ಒಬ್ಬ ಹಿರಿಯರನ್ನೋ ಕುರಿಗಾಹಿಯನ್ನೋ ಜೊತೆಗೆ ಕರೆದುಕೊಳ್ಳಿ, ಗೂಳಿಯ ಚಿತ್ರ ಎಲ್ಲಿದೆ ಎಂದು ಇಬ್ಬರೂ ಪಂಥ ಕಟ್ಟಿ ಹುಡುಕಿ. ಸೀಮೆಸುಣ್ಣದಿಂದ ಗೆರೆ ತೀಡುವುದು, ನೀರು ಎರಚುವುದು ಖಂಡಿತ ಕೂಡದು.

5. ಮುದಗಲ್ ಕೋಟೆಗೆ ಸಂಜೆ ಹೋಗಿ, ಪರ್ತಾಲಳ ಕಥೆ ತಿಳಿದುಕೊಂಡು ಹೋಗಿ. ಮುದಗಲ್ಲಿನ ಅಕ್ಕಸಾಲಿಗನ ಮಗಳು. ವಿಜಯನಗರದ ಒಂದನೇ ದೇವರಾಯ ಅವಳ ಚೆಲುವಿನ ಸುದ್ದಿ ಕೇಳಿ ಒಡವೆ ಕಳುಹಿಸಿದ. ಅವಳು ಒಲ್ಲೆ ಎಂದಳು. ದೊರೆ ದಂಡು ಅಟ್ಟಿದ, ಅಷ್ಟರಲ್ಲಿ ಮನೆಮಂದಿ ಊರು ಬಿಟ್ಟಿದ್ದರು. ದಂಡು ಸುತ್ತಲ ಹಳ್ಳಿ ಸುಲಿಯಿತು, ಬಹಮನಿ ಸುಲ್ತಾನ ಫಿರೋಜ್ ಷಾ ತಿರುಗಿಬಿದ್ದ. 1406ರ ಯುದ್ಧಕ್ಕೆ ಇತಿಹಾಸದಲ್ಲಿ ಅಕ್ಕಸಾಲಿಗನ ಮಗಳ ಯುದ್ಧವೆಂದೇ ಹೆಸರು. ಕೊನೆಗೆ ಅವಳು ಸುಲ್ತಾನನ ಮಗ ಹಸನ್‌ಖಾನನ ಹೆಂಡತಿಯಾದಳಂತೆ. ಇದೆಲ್ಲ ಫೆರಿಶ್ತಾ ಎರಡು ಶತಮಾನದ ನಂತರ ಬರೆದಿದ್ದು, ಅದೂ ಬಿಜಾಪುರದ ಆಸ್ಥಾನದಲ್ಲಿ ಕೂತು. ಹಾಗಾಗಿ ನಿಜ ಎಷ್ಟು, ಕಥೆ ಎಷ್ಟು ಎಂದು ಕೋಟೆಯ ಮೇಲೆ ಕೂತು ವಾದ ಮಾಡಲು ಬೇಕಾದಷ್ಟು ಜಾಗವಿದೆ. ಎಡೆದೊರೆಯ ಫಲವತ್ತಾದ ನೆಲಕ್ಕಾಗಿ ನಡೆದ ಜಗಳಕ್ಕೆ ಹೆಣ್ಣಿನ ನೆಪ ಹಚ್ಚಿದರು ಎಂಬುದು ನನ್ನ ಗುಮಾನಿ.

ಮೊಹರಂನಲ್ಲಿ ಮುದಗಲ್ಲಿಗೆ ಹೋದರೆ ಏಕಾಂತ ಮರೆತುಬಿಡಿ. ಹುಸೇನಿ ಆಲಂಗೆ ಹರಕೆ ಹೊತ್ತು ಹಿಂದೂಗಳೂ ಮುಸ್ಲಿಮರೂ ಊರು ತುಂಬುತ್ತಾರೆ. ಅದನ್ನೇ ನೋಡಬೇಕೆಂದರೆ ಮಾತು ಬೇರೆ.

6. ಜಲದುರ್ಗಕ್ಕೆ ಹೊರಡುವ ಮುನ್ನ ನೀರಿನ ಸುದ್ದಿ ಕೇಳಿ. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆ ಕವಲೊಡೆದು ನಡುಗಡ್ಡೆ ಕಟ್ಟಿದೆ, ಅದರ ಮೇಲೆ ಕೋಟೆ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ ದಾರಿಯೇ ಕಡಿದುಹೋಗುತ್ತದೆ. ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟ ನೋಡಿದರೆ ಸಾಕು. ಹೋದಮೇಲೆ ಬುತ್ತಿ ಬಿಚ್ಚಿ ಮಧ್ಯಾಹ್ನವೆಲ್ಲ ಅಲ್ಲೇ ಇರಿ. ನೀರಿಗಿಳಿಯಬೇಡಿ, ಮೊಸಳೆಯ ಹೊಳೆ ಇದು.

7. ಹಟ್ಟಿ ಚಿನ್ನದ ಗಣಿಯನ್ನು ಪಟ್ಟಿಯಿಂದ ತೆಗೆಯಿರಿ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಗೇಟಿನ ಮುಂದೆ ನಿಂತು ಮುಖ ಸಪ್ಪೆ ಮಾಡಿಕೊಳ್ಳುವುದೇಕೆ?

8. ಸಿಂಧನೂರಿನ ಸುತ್ತ ಯಾರು ಯಾರು ಬಂದು ನೆಲೆಸಿದ್ದಾರೆ ನೋಡಿ. ಅಣೆಕಟ್ಟೆಯ ನೀರು ಬಂದಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಜಮೀನು ಸಿಕ್ಕಿತು. ನವರಾತ್ರಿಯಲ್ಲಿ ಅಲ್ಲಿ ದುರ್ಗಾಪೂಜೆ. ಸೋಮಲಾಪುರದ ಸಿದ್ಧಪರ್ವತದ ಅಂಬಾಮಠದಲ್ಲಿ ಬನದ ಹುಣ್ಣಿಮೆಗೆ ಜಾತ್ರೆ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಓದುವ ದೇವಿ ಮಹಾತ್ಮೆಯನ್ನು ಬರೆದ ಚಿದಾನಂದಾವಧೂತರ ನೆನಪು ಈ ಸಿದ್ಧಪರ್ವತಕ್ಕೆ ಅಂಟಿಕೊಂಡಿದೆ. ಕ್ಯಾಂಪುಗಳಲ್ಲಿ ಕ್ಯಾಮೆರಾ ಚೀಲದಲ್ಲಿರಲಿ. ಅವು ಜನ ಬಾಳುವ ಮನೆಗಳು. ಚಹಾಕ್ಕೆ ಕರೆದರೆ ಕೂತು ಕುಡಿಯಿರಿ.

9. ಹೋಟೆಲಿನ ಮೆನು ಕೇಳಬೇಡಿ. ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಖಾರ ತಡೆಯದಿದ್ದರೆ ಮೊದಲೇ ಹೇಳಿ, ಆಮೇಲೆ ಹೇಳಿದರೆ ನಗುತ್ತಾರೆ. ಮನೆಗೆ ಒಯ್ಯಲು ಕಡಕ್ ರೊಟ್ಟಿ ಕಟ್ಟಿಸಿಕೊಳ್ಳಿ, ಆದರೆ ರೈಲಿನಲ್ಲಿ ಅದರ ಮೇಲೆ ಸೂಟ್‌ಕೇಸ್ ಇಡುವವರು ಯಾರೆಂದು ಹೊರಡುವ ಮೊದಲೇ ತೀರ್ಮಾನವಾಗಲಿ.