ಒತ್ತಡಕ್ಕೆ ಕಲಮಿಲ್ಲ, ದುಡಿಸಿದ ತಾಸಿಗಿದೆ

ಖಾನಾಪುರದಿಂದ ಬೆಳಿಗ್ಗೆ ಬಸ್ಸು ಹಿಡಿದು ಬೆಳಗಾವಿಯ ಗಣಪತ ಗಲ್ಲಿ, ಖಡೇ ಬಜಾರದ ಅಂಗಡಿಗಳಿಗೆ ಬರುವ ಎಷ್ಟೋ ಜನ ರಾತ್ರಿ ಮನೆ ಮುಟ್ಟುವಾಗ ಮಕ್ಕಳು ಮಲಗಿರುತ್ತಾರೆ. ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು, ನಾಳೆಯ ಕೆಲಸ ನೆನೆದರೆ ಎದೆ ಡವಡವ. ವಾರಗಟ್ಟಲೆ ಹೀಗಾದರೆ ಅದನ್ನು ಮೈಗಳ್ಳತನ ಎನ್ನಬೇಡಿ, ವೈದ್ಯರಿಗೆ ತೋರಿಸಿ.

‘ಮಾಲೀಕರು ಒತ್ತಡ ಕೊಡುತ್ತಾರೆ’ ಎಂದಷ್ಟೇ ಬರೆದ ಅರ್ಜಿ ಮುಂದೆ ಸಾಗುವುದು ಕಷ್ಟ. ಒತ್ತಡ ಹುಟ್ಟಿಸುವ ಸಂಗತಿಗಳನ್ನು ಹಿಡಿಯಿರಿ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಮಿತಿ. ಮೀರಿ ದುಡಿಸಿದರೆ ಓಟಿ, ಅದೂ ಎರಡು ಪಟ್ಟು ಪಗಾರದಲ್ಲಿ. ಸತತ 5 ತಾಸಿನ ದುಡಿಮೆಯ ಮೇಲೆ ಒಂದು ತಾಸು ವಿರಾಮ, ವಾರಕ್ಕೊಂದು ಸೂಟಿ. ಉದ್ಯಮಬಾಗದ ಕಾರ್ಖಾನೆಗಳಿಗೂ ವಾರಕ್ಕೆ 48 ತಾಸು, ದುಪ್ಪಟ್ಟು ಓಟಿಯ ನಿಯಮವಿದೆ.

ಆದ್ದರಿಂದ ಇಂದೇ ಒಂದು ವಹಿ ಇಡಿ. ‘ಸೋಮವಾರ: ಬಂದದ್ದು 9.30, ಊಟಕ್ಕೆ 20 ನಿಮಿಷ, ಬಿಟ್ಟದ್ದು ರಾತ್ರಿ 9.45’. ಇಷ್ಟು ಸಾಕು. ಬಸ್ ಟಿಕೆಟ್ ಎಸೆಯಬೇಡಿ. ಮಹಿಳೆಯರ ಉಚಿತ ಪ್ರಯಾಣದ ಶೂನ್ಯ ಟಿಕೆಟ್ಟಿನ ಮೇಲೂ ಹೊತ್ತು ಅಚ್ಚಾಗಿರುತ್ತದೆ. ರಾತ್ರಿ ಬಂದ ವಾಟ್ಸಾಪ್ ಸಂದೇಶ ಅಳಿಸಬೇಡಿ. ಇವನ್ನೆಲ್ಲ ಜೋಡಿಸಿ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ, ಮುದ್ರೆ ಪಡೆಯಿರಿ.

ಕಿರುಕುಳ ಲೈಂಗಿಕ ಸ್ವರೂಪದ್ದಾದರೆ ಘಟನೆಯಾದ 3 ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಹೋಗಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ.

ವಕೀಲರ ಫೀಸಿಗೆ ಅಂಜಬೇಡಿ. ಮಹಿಳೆಯರು, ಪರಿಶಿಷ್ಟರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಕೇಳದೆ ಉಚಿತ ಕಾನೂನು ನೆರವು ಸಿಗುತ್ತದೆ: ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಖಾನಾಪುರದಲ್ಲಿ ತಾಲ್ಲೂಕು ಸಮಿತಿ, ಫೋನು 15100.

ಇನ್ನು ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಗೆ ಹೋದ ಸಂಗತಿಯನ್ನು ವೈದ್ಯರು ನಿಮ್ಮ ಒಪ್ಪಿಗೆಯಿಲ್ಲದೆ ಮಾಲೀಕರಿಗೆ ಹೇಳುವಂತಿಲ್ಲ. ಜೀವ ಬೇಡವೆನಿಸಿದರೆ ಆ ಕ್ಷಣವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಇಎಸ್‌ಐ ಇದ್ದು ವಂತಿಗೆಯ ಷರತ್ತು ಪೂರೈಸಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70 ಸಿಗುತ್ತದೆ.

ರಾಜೀನಾಮೆ ಬರೆದು ಕೊಡೆಂದು ಒತ್ತಾಯಿಸಿದರೆ ಅಲ್ಲೇ ಸಹಿ ಹಾಕಬೇಡಿ. ಸತತ 6 ತಿಂಗಳು ದುಡಿದ ಅಂಗಡಿ ನೌಕರರನ್ನು ದುರ್ನಡತೆ ಸಾಬೀತಾಗದ ಹೊರತು, ಸಮಂಜಸ ಕಾರಣ ಮತ್ತು ಒಂದು ತಿಂಗಳ ನೋಟಿಸು ಅಥವಾ ಅಷ್ಟು ದಿನದ ಪಗಾರ ಇಲ್ಲದೆ ತೆಗೆಯುವಂತಿಲ್ಲ.