ನಡುವಯಸ್ಸಿನ ವಿದ್ಯಾರ್ಥಿಯ ನೆನಪು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಕ್ಕಳ ನಡತೆಯನ್ನು ಕುರಿತು ಆಡುವ ಈ ಮಾತನ್ನು ವಿದ್ಯಾಭ್ಯಾಸಕ್ಕೂ ಹಚ್ಚಿ, ನಲವತ್ತು ದಾಟಿದವರು ಪಠ್ಯಪುಸ್ತಕ ಹಿಡಿದರೆ ನಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಮರಕ್ಕೆ ಸಲ್ಲುವ ಮಾತು ಮಿದುಳಿಗೂ ಸಲ್ಲುವುದೇ ಎಂಬುದನ್ನು ಕೊಂಚ ವಿಚಾರಿಸೋಣ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯವರಿಗೆ ಒಂದು ಕಾಲದಲ್ಲಿ ವಿಶ್ವವಿದ್ಯಾನಿಲಯವೆಂದರೆ ದೂರದ ಮೈಸೂರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. 1987ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವೂ, 2009ರಲ್ಲಿ ತೋಳಹುಣಸೆಯ ಬಳಿ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಬಾಗಿಲು ಮನೆಯ ಸಮೀಪಕ್ಕೆ ಬಂದಿತು. ಆದರೆ ಒಳಗೆ ಕಾಲಿಟ್ಟವರನ್ನು ಕೆಲವೇ ತಿಂಗಳಲ್ಲಿ ಹಿಮ್ಮೆಟ್ಟಿಸಬಲ್ಲ ಒಂದು ತಪ್ಪು ತಿಳಿವಳಿಕೆ ಉಳಿದುಕೊಂಡಿದೆ.

ನ್ಯಾಮತಿಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ನಲವತ್ತೆರಡನೆಯ ವಯಸ್ಸಿನಲ್ಲಿ ಬಿ.ಎ. ಪದವಿಗೆ ಹೆಸರು ನೋಂದಾಯಿಸಿದರೆಂದು ಭಾವಿಸೋಣ. ತರಗತಿಯಲ್ಲಿ ತಮಗಿಂತ ಹತ್ತು ವರ್ಷ ಕಿರಿಯರಾದ ಅಧ್ಯಾಪಕರನ್ನು ‘ಸರ್’ ಎನ್ನಬೇಕು. ಸಹಪಾಠಿಗಳು ಇವರನ್ನು ‘ಆಂಟಿ’ ಎನ್ನುತ್ತಾರೆ. ಈ ಸಂಕೋಚವು ಹೇಗೋ ಕರಗುತ್ತದೆ. ಕರಗದ ಚಿಂತೆ ಬೇರೆ. ಪಕ್ಕದ ಹುಡುಗಿ ಟಿಪ್ಪಣಿಯನ್ನು ಬರೆದು ಮುಗಿಸುವಾಗ ಇವರದು ಅರ್ಧ. ರಾತ್ರಿ ಓದಿದ ಅಧ್ಯಾಯ ಮರುದಿನ ಬೆಳಗಿಗೆ ಮಸಕು. ‘ನನ್ನ ತಲೆಗೆ ತುಕ್ಕು ಹಿಡಿದಿದೆ’ ಎಂದು ಅವರು ನಿರ್ಧರಿಸುತ್ತಾರೆ. ಕಂಡ ಸಂಗತಿಗಳೆರಡೂ ನಿಜ. ತೀರ್ಮಾನ ಮಾತ್ರ ನಿಜವಲ್ಲ.

ಮೊದಲು ನಿಧಾನದ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕನು 1928ರಲ್ಲಿ ವಯಸ್ಕರ ಕಲಿಕೆಯನ್ನು ಕುರಿತು ಗ್ರಂಥ ಬರೆದು, ಕಲಿಯುವ ಶಕ್ತಿಯು ಇಪ್ಪತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇಕಡ ಒಂದರಷ್ಟು ಮಾತ್ರ ಇಳಿಯುವುದೆಂದು ಅಂದಾಜು ಮಾಡಿದನು. 1963ರಲ್ಲಿ ರೇಮಂಡ್ ಕ್ಯಾಟೆಲನು ಬುದ್ಧಿಯಲ್ಲಿ ಎರಡು ಬಗೆಗಳನ್ನು ವಿಂಗಡಿಸಿ ತೋರಿಸಿದನು. ಹೊಸ ಸಮಸ್ಯೆಯನ್ನು ಚುರುಕಾಗಿ ಬಿಡಿಸುವುದು ಹರಿಯುವ ಬುದ್ಧಿ. ಅದು ತಾರುಣ್ಯದಲ್ಲಿಯೇ ಇಳಿಮುಖವಾಗುತ್ತದೆ. ಪದಸಂಪತ್ತು, ಅನುಭವ, ವಿವೇಚನೆ ಇವು ಹರಳುಗಟ್ಟಿದ ಬುದ್ಧಿ. ಅದು ನಡುವಯಸ್ಸಿನುದ್ದಕ್ಕೂ ನಿಲ್ಲುತ್ತದೆ, ಬೆಳೆಯುತ್ತಲೂ ಇರುತ್ತದೆ. ಚನ್ನಗಿರಿಯ ಅಡಕೆ ಬೆಳೆಗಾರನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆ-ಪೂರೈಕೆಯ ಪಾಠವನ್ನು ತೆರೆದಾಗ, ಇಪ್ಪತ್ತರ ಯುವಕನು ಬಾಯಿಪಾಠ ಮಾಡಬೇಕಾದ ವ್ಯಾಖ್ಯೆಗೆ ಈತನಲ್ಲಿ ಉದಾಹರಣೆಗಳು ಆಗಲೇ ಸಿದ್ಧವಾಗಿರುತ್ತವೆ. ಆದರೆ ಇದಕ್ಕೆ ಒಂದು ಮಗ್ಗುಲುಂಟು: ಅನುಭವಕ್ಕೆ ವಿರುದ್ಧವಾದುದನ್ನು ಪುಸ್ತಕ ಹೇಳಿದರೆ ಒಪ್ಪಲು ಆತನಿಗೆ ಹೆಚ್ಚು ಕಷ್ಟ. ಬಲ್ಲವನಿಗೆ ಕಲಿಸುವುದು ಬರಿಗೈಯವನಿಗೆ ಕಲಿಸುವುದಕ್ಕಿಂತ ಎಲ್ಲ ವೇಳೆಯೂ ಸುಲಭವಲ್ಲ!

ಇನ್ನು ಮರೆವು. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ತಾನೇ ಉರುಹಾಕಿ, ಮತ್ತೆ ಕಲಿಯುವಾಗ ಉಳಿತಾಯವಾದ ಶ್ರಮದಿಂದ ಮರೆವನ್ನು ಅಳೆದು, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಒಂದು ದಿನದೊಳಗೆ ಮೂರರಲ್ಲಿ ಎರಡು ಪಾಲು ಕಳೆದುಹೋಗಿತ್ತು. ಮೂವತ್ತೊಂದು ದಿನಗಳ ಮೇಲೆಯೂ ಐದರಲ್ಲಿ ಒಂದು ಪಾಲು ಉಳಿದಿತ್ತು. ಪ್ರಯೋಗದ ಕಾಲಕ್ಕೆ ಆತನಿಗೆ ಮೂವತ್ತರ ಸುಮಾರು. ಅರ್ಥವುಳ್ಳ ಪಾಠ ಇಷ್ಟು ಬೇಗ ಅಳಿಯುವುದಿಲ್ಲ ನಿಜ. ಆದರೂ ಮೊದಲ ದಿನದ ಮರೆವು ಮನಸ್ಸಿನ ಸಹಜ ಧರ್ಮ, ಮುಪ್ಪಿನ ಲಕ್ಷಣವಲ್ಲ. ಪಕ್ಕದ ಹುಡುಗಿಯೂ ಮರೆಯುತ್ತಾಳೆ. ಆಕೆ ಅದಕ್ಕೆ ವಯಸ್ಸನ್ನು ದೂರುವುದಿಲ್ಲ, ಅಷ್ಟೆ.

ಮರೆವಿಗೆ ಮದ್ದೇನು? ಮತ್ತೆ ಮತ್ತೆ ಓದುವುದೆಂದು ಎಲ್ಲರೂ ಹೇಳುವರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗವೊಂದನ್ನು ಓದಿಸಿದರು. ಕೆಲವರು ಅದನ್ನೇ ಪುನಃ ಓದಿದರು. ಉಳಿದವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಅನಂತರದ ಪರೀಕ್ಷೆಯಲ್ಲಿ ಮರಳಿ ಓದಿದವರೇ ಮುಂದು: 81ಕ್ಕೆ 75. ವಾರದ ಅನಂತರ ಲೆಕ್ಕ ತಲೆಕೆಳಗಾಯಿತು: ಓದಿದವರಲ್ಲಿ ಉಳಿದದ್ದು ಶೇಕಡ 42, ನೆನೆದು ಬರೆದವರಲ್ಲಿ 56. ಅಡುಗೆಯ ನಡುವೆ ಹತ್ತು ನಿಮಿಷ, ದಾವಣಗೆರೆಯ ಬಸ್ಸಿನಲ್ಲಿ ಅರ್ಧ ಗಂಟೆ ಎಂದು ಬಿಡುವನ್ನು ಚೂರುಚೂರಾಗಿ ಪಡೆಯುವ ಗೃಹಸ್ಥ ವಿದ್ಯಾರ್ಥಿಗೆ ಇದು ಒಳ್ಳೆಯ ಸುದ್ದಿ. ಓಡುವ ಬಸ್ಸಿನಲ್ಲಿ ಓದಲಾಗದು. ಪುಸ್ತಕ ಮುಚ್ಚಿ ನಿನ್ನೆಯ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸಬಹುದು. ಮರುದಿನ, ಮೂರು ದಿನದ ಮೇಲೆ, ವಾರದ ಮೇಲೆ ಹೀಗೆ ಬಿಟ್ಟು ಬಿಟ್ಟು ಮಾಡಿದರೆ ಒಂದೇ ರಾತ್ರಿಯ ಜಾಗರಣೆಗಿಂತ ಲಾಭ ಹೆಚ್ಚು.

ಮಿದುಳು ಬಾಗುವುದೇ ಎಂಬ ಮೊದಲ ಪ್ರಶ್ನೆಗೆ ಬರೋಣ. ಲಂಡನ್ನಿನ ಟ್ಯಾಕ್ಸಿ ಚಾಲಕರಾಗಬೇಕಾದರೆ ಆ ನಗರದ ಸುಮಾರು 25,000 ಬೀದಿಗಳನ್ನು ನೆನಪಿನಲ್ಲಿಡಬೇಕು. ಕಲಿಯಲು ಮೂರು ನಾಲ್ಕು ವರ್ಷ ಬೇಕಾಗುತ್ತದೆ. ವೂಲೆಟ್ ಮತ್ತು ಮಗ್ವೈರ್ ಎಂಬ ವಿಜ್ಞಾನಿಗಳು ಅಭ್ಯರ್ಥಿಗಳ ಮಿದುಳಿನ ಚಿತ್ರಗಳನ್ನು ಕಲಿಕೆಯ ಮುಂಚೆಯೂ ಅನಂತರವೂ ತೆಗೆದು, 2011ರಲ್ಲಿ ವರದಿ ಮಾಡಿದರು. ಉತ್ತೀರ್ಣರಾದ 39 ಮಂದಿಯಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿಯಲ್ಲಿ ಬೂದುದ್ರವ್ಯವು ಹೆಚ್ಚಿತ್ತು, ಉಳಿದವರಲ್ಲಿ ಇಲ್ಲ. ಅವರೆಲ್ಲರೂ ಬೆಳೆದು ನಿಂತ ವಯಸ್ಕರೇ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರವು ಬಿರುಸಾಗಿ, ಹತ್ತಿರದ ಅಕ್ಷರ ಸ್ಫುಟವಾಗಿ ಕಾಣದು. ಮಂದ ದೀಪದಲ್ಲಿ ಪುಸ್ತಕವನ್ನು ದೂರ ಹಿಡಿದು ತಿಣುಕುವವರು, ತಲೆಯನ್ನು ಹಳಿಯುವ ಮೊದಲು ಕನ್ನಡಕವನ್ನು ಹಾಕಿಸಿಕೊಂಡು ನೋಡಲಿ.